ಗುಡಿ ಉಳಿಯಿತು, ಅಗಸಿ ಹೋಯಿತು

ಗದಗ ಜಿಲ್ಲೆಯನ್ನೇ ನೋಡಬೇಕೆಂದು ಬರುವವರು ಕಡಿಮೆ. ಹಂಪಿಗೆ ಹೊರಟವರು ರೈಲಿನ ಕಿಟಕಿಯಿಂದ ಗದಗ ಜಂಕ್ಷನ್ನಿನ ಫಲಕ ಓದಿ ಸುಮ್ಮನಾಗುತ್ತಾರೆ. ಬಾದಾಮಿ, ಪಟ್ಟದಕಲ್ಲಿಗೆ ಹೊರಟವರು ರೋಣದಲ್ಲಿ ಚಹಾ ಕುಡಿದು ಮುಂದೆ ಸಾಗುತ್ತಾರೆ. ಎರಡು ವಿಶ್ವ ಪರಂಪರೆಯ ತಾಣಗಳ ನಡುವೆ ಬಿದ್ದಿರುವ ಈ ಎರೆಭೂಮಿ 1997ರವರೆಗೆ ಧಾರವಾಡ ಜಿಲ್ಲೆಯ ಒಂದು ಮೂಲೆಯಾಗಿತ್ತು. ಪ್ರವಾಸಿ ಕೈಪಿಡಿಗಳಲ್ಲಿ ಅದಕ್ಕೆ ಈಗಲೂ ಮೂಲೆಯ ಜಾಗವೇ. ಇದರಿಂದ ನನಗಂತೂ ಲಾಭವಾಗಿದೆ. ಇಲ್ಲಿನ ಗುಡಿಯೊಂದರ ಕಂಬಕ್ಕೆ ಒರಗಿ ಮಧ್ಯಾಹ್ನವೆಲ್ಲ ಕುಳಿತರೂ ಏಳಿ ಎನ್ನುವವರಿಲ್ಲ.

ರಜೆ ಸಿಕ್ಕಾಗಲೆಲ್ಲ ಈ ಜಿಲ್ಲೆಯ ಹಳ್ಳಿಗಳನ್ನು ಸುತ್ತುತ್ತೇನೆ. ಯಾವ ಶಿಖರ ಯಾವ ಶೈಲಿಯದು, ಯಾವ ಕಂಬ ಯಾವ ಅರಸನ ಕಾಲದ್ದು ಎಂಬುದನ್ನು ಬಲ್ಲವರು ಬರೆದಿದ್ದಾರೆ, ಅದನ್ನು ನಾನು ಮತ್ತೆ ಬರೆಯಬೇಕಾಗಿಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಇದು ಹೇಗೆ ಉಳಿಯಿತು? ಸಾವಿರ ವರ್ಷಗಳಲ್ಲಿ ಎಷ್ಟು ಬರ ಬಂದಿರಬಹುದು, ಎಷ್ಟು ದಂಡು ಹಾದುಹೋಗಿರಬಹುದು, ಎಷ್ಟು ಸಲ ಊರಿಗೆ ಊರೇ ಗುಳೆ ಹೋಗಿರಬಹುದು. ಅಷ್ಟರ ನಡುವೆಯೂ ಒಂದು ಕಟ್ಟಡ ನಿಂತಿದೆಯೆಂದರೆ ಪ್ರತಿ ತಲೆಮಾರಿನಲ್ಲೂ ಅದು ಯಾರಿಗೋ ಯಾವುದಕ್ಕೋ ಬೇಕಾಗಿತ್ತು ಎಂದೇ ಅರ್ಥ. ಬೇಕಾಗಿದ್ದ ಕಾರಣ ಮಾತ್ರ ಕಟ್ಟಿದವರ ಮನಸ್ಸಿನಲ್ಲಿದ್ದ ಕಾರಣವೇ ಆಗಿರಬೇಕೆಂದೇನಿಲ್ಲ.

ಲಕ್ಕುಂಡಿಯಲ್ಲಿ ಇದು ಎದ್ದು ಕಾಣುತ್ತದೆ. ಗದಗದಿಂದ ಕೊಪ್ಪಳದ ಕಡೆ ಹೋಗುವ ದಾರಿಯಲ್ಲಿ ಸುಮಾರು 12 ಕಿ.ಮೀ. ದೂರದ ಈ ಊರಿನಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಇದ್ದವೆಂದು ಜನ ಹೇಳುತ್ತಾರೆ. ಲೆಕ್ಕ ಹಾಕಿದವರು ಯಾರೋ ಗೊತ್ತಿಲ್ಲ, ಆದರೆ ಓಣಿಗಳಲ್ಲಿ ಸುತ್ತಿದರೆ ಲೆಕ್ಕ ತೀರಾ ಸುಳ್ಳೆನಿಸುವುದಿಲ್ಲ. ಶಾಸನಗಳ ಲೊಕ್ಕಿಗುಂಡಿ ಇದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇಲ್ಲಿ ಟಂಕಸಾಲೆ ಇತ್ತು, ಇಲ್ಲಿ ಅಚ್ಚಾದ ಗದ್ಯಾಣವೆಂಬ ಹೊನ್ನಿನ ನಾಣ್ಯಕ್ಕೆ ಊರಿನ ಹೆಸರೇ ಅಂಟಿಕೊಂಡಿತ್ತು. ಈಗ ಊರಿನ ನಡುವೆ ನಿಂತು ನೋಡಿದರೆ ಮೆಣಸಿನಕಾಯಿ ಒಣಹಾಕಿದ ಅಂಗಳ, ಅದರ ಹಿಂದೆ ಶಿಖರ, ಶಿಖರದ ಪಕ್ಕದಲ್ಲಿ ಮೊಬೈಲ್ ಗೋಪುರ.

ಇಲ್ಲಿನ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ, 1007ರಲ್ಲಿ. ಪೊನ್ನನ ಪುರಾಣಕ್ಕೆ ಸಾವಿರ ಪ್ರತಿ ಬರೆಯಿಸಿ ಹಂಚಿದವಳು ಎಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಬಸದಿಗೆ ಬಂದವರು ಆ ಸಂಗತಿಯನ್ನು ಮತ್ತೊಮ್ಮೆ ಹೇಳಿಕೊಂಡು, ಬ್ರಹ್ಮ ಮತ್ತು ಪದ್ಮಾವತಿಯ ಮೂರ್ತಿಗಳ ಎದುರು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ನಾನು ಹೇಳುವುದಾದರೆ ಮೊದಲು ಕಲ್ಲು ನೋಡಿ. ಬಾದಾಮಿ, ಪಟ್ಟದಕಲ್ಲಿನ ಗುಡಿಗಳೆಲ್ಲ ಕೆಂಪು ಮರಳುಗಲ್ಲಿನ ದೊಡ್ಡ ದೊಡ್ಡ ಚಪ್ಪಡಿಗಳವು. ಇಲ್ಲಿಗೆ ಬಂದಾಗ ಶಿಲ್ಪಿಗಳು ನುಣುಪಾದ ಬಳಪದ ಕಲ್ಲಿಗೆ ಕೈಹಾಕಿದ್ದರು. ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಕಲ್ಲು ಅದು. ಚಿಕ್ಕ ಉಳಿ ಸಾಕು, ಸೂಕ್ಷ್ಮ ಗೆರೆ ನಿಲ್ಲುತ್ತದೆ. ಮುಂದಿನ ನೂರು ವರ್ಷಗಳಲ್ಲಿ ಈ ಸೀಮೆಯಲ್ಲಿ ಎದ್ದ ಗುಡಿಗಳ ಕುಸುರಿಯೆಲ್ಲ, ಆಮೇಲೆ ಹೊಯ್ಸಳರು ಬೇಲೂರು ಹಳೇಬೀಡಿನಲ್ಲಿ ಮೆರೆಸಿದ ಕುಸುರಿಯೂ, ಈ ಕಲ್ಲನ್ನು ನಂಬಿಯೇ ನಡೆಯಿತು.

ಮಂಟಪದ ಕಂಬವೊಂದರ ಹತ್ತಿರ ಹೋಗಿ ಅದರ ಕೊರಳಿಗೆ ಬೆರಳಿಟ್ಟು ನೋಡಿ. ಒಂದರ ಮೇಲೊಂದು ಬಳೆಯಂತೆ ಸುತ್ತಿದ ಏಣುಗಳಿವೆ, ಏಣು ಏಣಿನ ನಡುವೆ ಉಗುರು ಮಾತ್ರ ಹೋಗುವಷ್ಟು ಸಂದಿ. ಕಂಬವನ್ನು ತಿರುಗಣೆಗೆ ಕೊಟ್ಟು ಕಡೆದದ್ದರಿಂದ ಸುತ್ತಳತೆಯಲ್ಲಿ ಎಲ್ಲಿಯೂ ಏರುಪೇರಿಲ್ಲ. ಬೆಳಕಿಗೆ ಓರೆಯಾಗಿ ನಿಂತರೆ ಕಣ್ಣಿಗೆ ಬೀಳುವಷ್ಟು ಸಣ್ಣ ವೃತ್ತಾಕಾರದ ಗೀರುಗಳೂ ಕಾಣುತ್ತವೆ, ಕಲ್ಲು ತಿರುಗುತ್ತಿದ್ದಾಗ ಉಳಿ ಬಿಟ್ಟ ಗುರುತು ಅವು. ಆಳೆತ್ತರದ ಜಾಗದಲ್ಲಿ ಕಂಬ ಕಪ್ಪಗೆ ಮಿರುಗುತ್ತದೆ, ಅದರ ಮೇಲೆ ಬೂದು. ಮಿರುಗುವ ಭಾಗ ಶಿಲ್ಪಿಯ ಕೆಲಸವಷ್ಟೇ ಅಲ್ಲ. ಅಷ್ಟು ತಲೆಮಾರುಗಳ ಬೆನ್ನು, ಭುಜ, ತಲೆಗೆ ಹಚ್ಚಿದ ಎಣ್ಣೆ ಅದನ್ನು ತಿಕ್ಕಿ ಬೆಳಗಿವೆ.

ಈ ಬಸದಿಯ ಹತ್ತಿರವೇ ಚಿಕ್ಕದಾದ ನಾಗನಾಥನ ಗುಡಿಯಿದೆ. ಗರ್ಭಗುಡಿಯಲ್ಲಿ ಶಿವಲಿಂಗ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಲಿಂಗದ ಹಿಂದೆ ಹಳೆಯ ಪೀಠ, ಅದರ ಮೇಲೆ ಹೆಡೆ ಬಿಚ್ಚಿದ ಸರ್ಪ ಕಾಣುತ್ತದೆ. ತಲೆಯ ಮೇಲೆ ಹಾವಿನ ಹೆಡೆಯಿರುವ ಜೈನ ತೀರ್ಥಂಕರ ಪಾರ್ಶ್ವನಾಥನ ಬಸದಿಯಾಗಿದ್ದ ಕಟ್ಟಡ ಇದು. ತೀರ್ಥಂಕರನ ಮೂರ್ತಿ ಹೋದರೂ ಹಾವು ಉಳಿಯಿತು. ಶಿವನಿಗೆ ಹಾವು ಪರಕೀಯವೇನಲ್ಲವಾದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ, ಹೆಸರೂ ನಾಗನಾಥ ಎಂದಾಯಿತು. ಇದನ್ನು ನೋಡಿ ಕೆಲವರು ರೇಗುತ್ತಾರೆ, ಕೆಲವರು ಸೌಹಾರ್ದದ ಭಾಷಣ ಶುರುಮಾಡುತ್ತಾರೆ. ನನಗೆ ಎರಡೂ ಅವಸರದ ಮಾತಾಗಿ ಕಾಣುತ್ತವೆ. ಬಸದಿ ಯಾವಾಗ, ಯಾವ ಸ್ಥಿತಿಯಲ್ಲಿ ಕೈಬದಲಾಯಿತೋ, ಆಮೇಲೆ ಪೂಜೆಯ ಕಾರಣಕ್ಕೆ ಅದಕ್ಕೆ ಚಾವಣಿ ಉಳಿಯಿತು. ದೀಪ ಹಚ್ಚುವವರಿಲ್ಲದ ಗುಡಿಗಳು ಏನಾದವೆಂಬುದಕ್ಕೆ ಇದೇ ಊರಿನ ಮನೆಗಳ ಗೋಡೆಗಳನ್ನು ನೋಡಬೇಕು.

ಮೆಟ್ಟಿಲಾದ ಬಾಗಿಲವಾಡ, ಬಟ್ಟೆ ಒಗೆಯುವ ಕಲ್ಲಾದ ಅಧಿಷ್ಠಾನದ ತುಂಡು, ದನದ ಕೊಟ್ಟಿಗೆಗೆ ಆಧಾರವಾದ ಅರ್ಧ ಕಂಬ. ಲಕ್ಕುಂಡಿಯಲ್ಲಷ್ಟೇ ಅಲ್ಲ, ಈ ಜಿಲ್ಲೆಯ ಯಾವ ಹಳೆಯ ಊರಿಗೆ ಹೋದರೂ ಇದು ಸಿಗುತ್ತದೆ. ಒಂದು ಊರಿನಲ್ಲಿ (ಹೆಸರು ಹೇಳುವುದಿಲ್ಲ, ಹೇಳಿದರೆ ಕಲ್ಲು ಕದಿಯುವವರಿಗೆ ಅನುಕೂಲ) ಮನೆಯ ಮುಂಗೋಡೆಯಲ್ಲಿಯೇ ವೀರಗಲ್ಲು ಸೇರಿಕೊಂಡಿದೆ. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದು ನಿಂತ ವೀರ, ಅವನ ಬೆನ್ನ ಹಿಂದೆ ದನಗಳ ಸಾಲು. ನಡುವಿನ ಪಟ್ಟಿಕೆಯಲ್ಲಿ ಎರಡೂ ಕಡೆಯಿಂದ ಕೈಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು. ಮೇಲೆ ಲಿಂಗ, ಪೂಜಾರಿ, ಕೈಮುಗಿದು ಕುಳಿತ ಅದೇ ವೀರ. ವರ್ಷ ವರ್ಷ ಬಳಿದ ಸುಣ್ಣ ಪದರ ಪದರವಾಗಿ ಕೂತು ಮುಖಗಳೆಲ್ಲ ದುಂಡಗಾಗಿವೆ, ಬಿಲ್ಲಿನ ಹೆದೆ ಮುಚ್ಚಿಹೋಗಿದೆ. ನೋಡುತ್ತ ನಿಂತಿದ್ದಾಗ ಆ ಮನೆಯ ಅಜ್ಜಿ ಹೊರಗೆ ಬಂದರು. “ನಾನು ಸೊಸೆಯಾಗಿ ಬಂದಾಗಲೂ ಇಲ್ಲೇ ಇದ್ದ ತಮ್ಮಾ. ಹಬ್ಬಕ್ಕೆ ಮನೆಗೆ ಸುಣ್ಣ ಹಚ್ಚುವಾಗ ಅವನಿಗೂ ಹಚ್ಚುತ್ತೇವೆ. ಅವನನ್ನು ಬಿಟ್ಟು ಹಚ್ಚಿದರೆ ಹೇಗೆ?”

ಪುರಾತತ್ವ ಓದಿದವರಿಗೆ ಇದು ಎದೆ ಒಡೆಯುವ ಮಾತು. ಸುಣ್ಣ ಕಲ್ಲಿನ ಕೆತ್ತನೆಯನ್ನು ಮುಚ್ಚುತ್ತದೆ, ಅದರ ಕೆಳಗೆ ಅಕ್ಷರವಿದ್ದರೆ ಅದೂ ಹೋದಂತೆಯೇ. ಒಪ್ಪುತ್ತೇನೆ. ಆದರೆ ಊರ ಹೊರಗೆ, ಹೊಲದ ಬದುವಿನಲ್ಲಿ ಬಿದ್ದಿದ್ದ ಅದರ ಜೊತೆಯ ಕಲ್ಲುಗಳು ಈಗ ಎಲ್ಲಿವೆ? ಕೆಲವು ಒಡೆದು ಅಡಿಪಾಯಕ್ಕೆ ಹೋದವು, ಕೆಲವು ನಿಧಿಯಾಸೆಗೆ ಬುಡಮೇಲಾದವು. ಗೋಡೆಯೊಳಗೆ ಸೇರಿದ್ದು ಮಾತ್ರ ಗೋಡೆಯ ದೆಸೆಯಿಂದ ಬದುಕಿತು. ಬೆಟಗೇರಿಯಲ್ಲಿ ರಕ್ಷಿತ ಸ್ಮಾರಕವೆಂದು ಘೋಷಿಸಿ ಬೇಲಿ ಹಾಕಿದ ವೀರಗಲ್ಲುಗಳ ಗುಂಪೊಂದಿದೆ. ಅವು ಚೆನ್ನಾಗಿವೆ, ಮುಖಗಳು ಸ್ಪಷ್ಟವಾಗಿವೆ. ಆದರೆ ಅವರನ್ನು ಏಕವಚನದಲ್ಲಿ ಸಲುಗೆಯಿಂದ ಕರೆಯುವವರು ಯಾರೂ ಇಲ್ಲ.

ಬೇಲಿಯ ವಿಷಯ ಬಂದದ್ದರಿಂದ ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಕೇಂದ್ರದ 1958ರ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ, ಐತಿಹಾಸಿಕ ಮಹತ್ವದ ಕಟ್ಟಡವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಬಹುದು. ರಾಜ್ಯಕ್ಕೆ 1961ರ ಅದರದೇ ಕಾಯ್ದೆಯಿದೆ. 2010ರ ತಿದ್ದುಪಡಿಯಾದ ಮೇಲೆ ಕೇಂದ್ರ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಬಯಲಿನಲ್ಲಿ ಒಂಟಿಯಾಗಿ ನಿಂತ ಗುಡಿಗೆ ಇದು ಒಳ್ಳೆಯ ಕಾನೂನು. ಲಕ್ಕುಂಡಿಯಂಥ ಊರಿನಲ್ಲಿ ಗುಡಿಯಿಂದ ಗುಡಿಗೆ ಕೂಗಳತೆಯ ದೂರ. ಒಂದೊಂದರ ಸುತ್ತ ನೂರು ಮೀಟರ್ ಗೆರೆ ಎಳೆದರೆ ಊರಿನ ಬಹುಪಾಲು ಗೆರೆಯೊಳಗೇ ಬರುತ್ತದೆ. ಅಲ್ಲಿ ಬಿದ್ದ ಗೋಡೆಯನ್ನು ಎತ್ತಿ ಕಟ್ಟಲೂ ಅನುಮತಿಗೆ ಅಲೆಯಬೇಕು, ಹೊಸ ಮನೆಯಂತೂ ದೂರದ ಮಾತು. ಅಂಥ ಮನೆಯ ಹುಡುಗನಿಗೆ ಗುಡಿ ಎಂದರೆ ಹೆಮ್ಮೆಯಾಗಬೇಕೆಂದು ನಾವು ಹೊರಗಿನಿಂದ ಬಂದು ಬಯಸುತ್ತೇವೆ. ಅವನಿಗೆ ಅದು ನೆರೆಮನೆಯ ಸರ್ಕಾರಿ ನೌಕರ, ಜಗಳ ಆಡುವಂತಿಲ್ಲ, ಬಿಟ್ಟು ಹೋಗುವಂತಿಲ್ಲ. ಗೆರೆಯನ್ನು ಅಳಿಸಿ ಎಂದು ನಾನು ಹೇಳುತ್ತಿಲ್ಲ. ಗೆರೆ ಇಲ್ಲದಿದ್ದರೆ ಇಷ್ಟರಲ್ಲಿ ಶಿಖರದ ಮೇಲೆ ನೀರಿನ ಟ್ಯಾಂಕ್ ಕೂತಿರುತ್ತಿತ್ತು. ಒಂದೇ ಅಳತೆಯ ಪಟ್ಟಿಯಿಂದ ಹಂಪಿಯನ್ನೂ ಹಳ್ಳಿಯನ್ನೂ ಅಳೆಯಬಾರದಿತ್ತು ಎಂಬುದಷ್ಟೇ ನನ್ನ ತಕರಾರು.

ಬೇಕು ಎನ್ನುವವರಿಲ್ಲದೆ ಹೋದರೆ ಏನಾಗುತ್ತದೆಂಬುದಕ್ಕೆ ಡಂಬಳದಷ್ಟು ಸ್ಪಷ್ಟ ಸಾಕ್ಷಿ ಬೇರೆಲ್ಲೂ ನನಗೆ ಕಂಡಿಲ್ಲ. ಮುಂಡರಗಿ ತಾಲ್ಲೂಕಿನ ಈ ಊರು ಶಾಸನಗಳ ಧರ್ಮವೊಳಲು. ಆರನೆಯ ವಿಕ್ರಮಾದಿತ್ಯನ ಕಾಲದ, 1095ರ ಶಾಸನವೊಂದು ಇಲ್ಲಿದ್ದ ಬೌದ್ಧ ವಿಹಾರಗಳ ಮಾತೆತ್ತುತ್ತದೆ. ಊರಿನ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ್ದು ಬುದ್ಧನ ವಿಹಾರ, ಲೊಕ್ಕಿಗುಂಡಿಯಿಂದ ಬಂದ ಇನ್ನೊಬ್ಬ ಸೆಟ್ಟಿ ಕಟ್ಟಿಸಿದ್ದು ಆರ್ಯತಾರಾ ದೇವಿಯದು. ಹನ್ನೊಂದನೆಯ ಶತಮಾನದ ಕೊನೆಗೆ, ಕನ್ನಡ ನಾಡಿನ ನಟ್ಟನಡುವೆ, ವ್ಯಾಪಾರಿಗಳು ದುಡ್ಡು ಹಾಕಿ ನಡೆಸುತ್ತಿದ್ದ ಬೌದ್ಧ ಸಂಸ್ಥೆಗಳಿವು. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಈ ಶಾಸನವನ್ನು ಓದಿ 1881ರಲ್ಲಿ ಅಚ್ಚು ಹಾಕಿಸಿದ. ಕಲ್ಲಿನ ಮೇಲಿನ ಮಾತು ಉಳಿಯಿತು, ಮಾತಿನಲ್ಲಿದ್ದ ವಿಹಾರ ನಿಲ್ಲಲಿಲ್ಲ. ಸೆಟ್ಟಿಗಳ ಸಂತಾನ ಬೇರೆ ದೇವರಿಗೆ ನಡೆದುಕೊಂಡಿತು. ವಿಹಾರವನ್ನು ಯಾರೂ ಕೆಡವಬೇಕಾಗಿಯೇ ಇರಲಿಲ್ಲವೇನೋ. ಚಾವಣಿ ಸೋರಿದಾಗ ಹತ್ತುವವರು ಇಲ್ಲದಿದ್ದರೆ ಸಾಕು.

ಅದೇ ಊರಿನ ದೊಡ್ಡಬಸಪ್ಪನ ಗುಡಿ ಮಾತ್ರ ಗಟ್ಟಿಯಾಗಿ ನಿಂತಿದೆ. 24 ಮೂಲೆಗಳ ನಕ್ಷತ್ರದ ತಳವಿನ್ಯಾಸ ಅದರದು, ಬುಡದಿಂದ ಶಿಖರದ ತುದಿಯವರೆಗೆ ಒಂದೇ ಲಯದಲ್ಲಿ ಏರುತ್ತದೆ. ಸುತ್ತ ನಡೆಯುತ್ತ ಹೋದರೆ ಎಲ್ಲಿಂದ ಹೊರಟೆವೆಂಬುದೇ ಮರೆಯುತ್ತದೆ, ಎಲ್ಲ ಮೂಲೆಯೂ ಮೊದಲ ಮೂಲೆಯಂತೆಯೇ ಕಾಣುತ್ತದೆ. ವಾಸ್ತುತಜ್ಞರು ಬರುವುದು ಈ ನಕ್ಷತ್ರಕ್ಕಾಗಿ. ಊರವರು ಬರುವುದು ಮಂಟಪದಲ್ಲಿ ಕುಳಿತ ಬಸವಣ್ಣನಿಗಾಗಿ. ಗುಡಿಗೆ ಹೆಸರು ಕೊಟ್ಟದ್ದು ಬಸವಣ್ಣ, ಉಳಿಸಿದ್ದೂ ಬಸವಣ್ಣನೇ ಎಂದು ನನ್ನ ಅನಿಸಿಕೆ.

ಲಕ್ಷ್ಮೇಶ್ವರ, ಸೂಡಿ, ಗದಗ ಪಟ್ಟಣದ ತ್ರಿಕೂಟೇಶ್ವರ ಇವೆಲ್ಲವನ್ನೂ ಒಂದೇ ಬರಹದಲ್ಲಿ ತುಂಬುವುದು ಅನ್ಯಾಯ. ಪಂಪ ಕೊಂಡಾಡಿದ ಪುಲಿಗೆರೆಯ ತಿರುಳ್ಗನ್ನಡದ ಊರು ಲಕ್ಷ್ಮೇಶ್ವರ. ಅಲ್ಲಿನ ಸೋಮೇಶ್ವರನ ಗುಡಿ, ಶಂಖ ಬಸದಿ, ಆದಿಲಶಾಹಿ ಕಾಲದ ಮಸೀದಿ ಮೂರೂ ಒಂದೇ ದಿನ ನೋಡಬೇಕಾದವು, ಒಂದನ್ನು ಬಿಟ್ಟರೆ ಊರು ಅರ್ಧವಾಗುತ್ತದೆ. ಸೂಡಿಯಲ್ಲಿ ಚಾಲುಕ್ಯ ರಾಜಕುಮಾರಿ ಅಕ್ಕಾದೇವಿಯ ನೆನಪಿದೆ, ಕಿಸುಕಾಡು ಎಪ್ಪತ್ತು ಎಂಬ ಸೀಮೆಯನ್ನು ಆಳಿದವಳು, ಯುದ್ಧಕ್ಕೂ ಹೊರಟವಳು. ಅಲ್ಲಿನ ಜೋಡುಕಳಸದ ಗುಡಿಯ ಎರಡು ಶಿಖರಗಳು ಒಂದೇ ಮಂಟಪದ ಆಚೆಗೊಂದು ಈಚೆಗೊಂದು ನಿಂತಿವೆ. ಗದಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಒರಗಿ ಕುಳಿತು ಭಾರತ ರಚಿಸಿದನೆಂಬ ಕಂಬವನ್ನು ತೋರಿಸುತ್ತಾರೆ. ಅದೇ ಕಂಬವೇ ಎಂದು ಕೇಳುವುದು ಆ ಊರಿನಲ್ಲಿ ಒಳ್ಳೆಯ ನಡತೆಯಲ್ಲ, ನಾನೂ ಕೇಳಿಲ್ಲ.

ಬಾವಿಗಳ ಕಥೆ ಮಾತ್ರ ನನ್ನ ಲೆಕ್ಕವನ್ನು ಸ್ವಲ್ಪ ಕಲಕುತ್ತದೆ. ಸವಳು ನೀರಿನ, ಮಳೆ ಕಡಿಮೆಯ ಸೀಮೆ ಇದು. ಸಿಹಿ ನೀರು ಸಿಕ್ಕಲ್ಲಿ ಅದನ್ನು ದೇವರಂತೆ ನೋಡಿಕೊಂಡರು. ಲಕ್ಕುಂಡಿಯ ಮಾಣಿಕೇಶ್ವರ ಗುಡಿಯ ಎದುರಿನ ಮುಸುಕಿನ ಬಾವಿಗೆ ಇಳಿದರೆ ಮೆಟ್ಟಿಲ ಸಾಲಿನ ಅಕ್ಕಪಕ್ಕ ಪುಟ್ಟ ಪುಟ್ಟ ಗೂಡುಗುಡಿಗಳಿವೆ, ಕೊಡ ಹೊತ್ತು ಇಳಿಯುವವರು ಕೈಮುಗಿಯುತ್ತಲೇ ಇಳಿಯಬೇಕು. ಕನ್ನೇರ ಬಾವಿ, ಸೂಡಿಯ ನಾಗಕುಂಡ, ಡಂಬಳದ ಜಪದ ಬಾವಿ, ಎಲ್ಲದರಲ್ಲೂ ನೀರು ಮತ್ತು ಪೂಜೆ ಒಂದೇ ಮೆಟ್ಟಿಲಿನಲ್ಲಿ ಸಿಗುತ್ತವೆ. ಸಾವಿರ ವರ್ಷ ಬೇಕಾಗಿದ್ದ ಈ ಬಾವಿಗಳು ಒಂದೇ ತಲೆಮಾರಿನಲ್ಲಿ ಬೇಡವಾದವು. ಕೊಳವೆಬಾವಿ ಬಂತು, ಓಣಿಗೆ ನಲ್ಲಿ ಬಂತು, ಬಾವಿ ಕಸ ಹಾಕುವ ತಗ್ಗಾಯಿತು. ಈಚೆಗೆ ಕೆಲವನ್ನು ಹೂಳೆತ್ತಿ ಚೊಕ್ಕಟ ಮಾಡಿದ್ದಾರೆ, ನೋಡಲು ಚೆಂದವಾಗಿವೆ. ಕೊಡ ಹಿಡಿದು ಇಳಿಯುವವರು ಮಾತ್ರ ಇಲ್ಲ. ಮೊಬೈಲ್ ಹಿಡಿದು ಇಳಿಯುತ್ತೇವೆ, ನಾನೂ ಸೇರಿ.

ಇಷ್ಟೆಲ್ಲ ಗುಡಿ, ಬಾವಿಗಳ ಮಾತಾಯಿತು. ಇವುಗಳ ಪರವಾಗಿ ಮಾತಾಡುವವರು ಇದ್ದಾರೆ. ಇಲಾಖೆಗಳಿವೆ, ಫಲಕಗಳಿವೆ. ಡಾ. ಪಿಗೂ ಎಂಬ ವೈದ್ಯ 1850ರ ದಶಕದಲ್ಲಿ ಕ್ಯಾಮೆರಾ ಹೊತ್ತು ಈ ಸೀಮೆಯ ಗುಡಿಗಳ ಚಿತ್ರ ತೆಗೆದ, 1866ರಲ್ಲಿ ಅವು ಲಂಡನ್ನಿನಲ್ಲಿ ಸಂಪುಟವಾಗಿ ಬಂದವು. ಹೆನ್ರಿ ಕಸೆನ್ಸ್ 1926ರಲ್ಲಿ ನಕ್ಷೆ ಸಹಿತ ಗ್ರಂಥವನ್ನೇ ಪ್ರಕಟಿಸಿದ. ಆದರೆ ಆ ಗುಡಿಗಳಿಗೆ ಹೋಗಲು ಅವರೆಲ್ಲ ಹಾದು ಬಂದ ಊರಬಾಗಿಲಿನ ಕಡೆ ಕ್ಯಾಮೆರಾ ತಿರುಗಿದ್ದು ಬಹಳ ಅಪರೂಪ. ನನಗೆ ನಿಜವಾಗಿ ಹೊಟ್ಟೆಯುರಿಯುವುದು ಅದರ ಬಗ್ಗೆ. ಅಗಸಿಯ ಬಗ್ಗೆ.

ಈ ಭಾಗದ ಹಳೆಯ ಊರುಗಳಿಗೆಲ್ಲ ಒಂದಾದರೂ ಅಗಸಿ ಇರುತ್ತಿತ್ತು. ಎರಡು ಕಡೆ ದಪ್ಪ ಕಲ್ಲಿನ ಗೋಡೆ, ಮೇಲೆ ಕಮಾನು, ಒಳಗೆ ಎರಡೂ ಬದಿಗೆ ಹತ್ತು ಜನ ಕೂರುವ ಕಟ್ಟೆ. ಕಬ್ಬಿಣದ ಮೊಳೆ ಹೊಡೆದ ಜೋಡು ಬಾಗಿಲು, ಅದರಲ್ಲೊಂದು ತಲೆ ಬಗ್ಗಿಸಿ ಹೋಗುವ ದಿಡ್ಡಿ ಬಾಗಿಲು. ಜೋಳದ ಕಣಿಕೆ ಹೇರಿದ ಚಕ್ಕಡಿ ಒಳಗೆ ಬರುವಷ್ಟು ಎತ್ತರ, ಎರಡು ಚಕ್ಕಡಿ ಎದುರಾಗಿ ಬಾರದಷ್ಟು ಅಗಲ. ಉಳಿದಿರುವ ಅಗಸಿಯೊಂದರಲ್ಲಿ ನಿಂತು ಬದಿಯ ಕಲ್ಲುಗಳನ್ನು ನೋಡಿದರೆ ಮೊಣಕಾಲಿಗಿಂತ ತುಸು ಮೇಲೆ ಉದ್ದಕ್ಕೆ ಸವೆದ ಗೆರೆ ಇದೆ. ಗಾಲಿಯ ಗುಂಬ ತಾಗಿ ತಾಗಿ ಆದದ್ದು ಅದು. ಎಡಗಡೆಯ ಗೆರೆ ಬಲಗಡೆಯದಕ್ಕಿಂತ ಆಳ. ಹೊರಗಿನ ದಾರಿ ಅಲ್ಲಿ ತಿರುವು ತೆಗೆದುಕೊಳ್ಳುವುದರಿಂದ ಅವಸರದ ಚಕ್ಕಡಿಗಳೆಲ್ಲ ಎಡಕ್ಕೇ ಉಜ್ಜಿರಬೇಕು. ಇಂಥದೊಂದು ದಾಖಲೆ ಯಾವ ಶಾಸನದಲ್ಲಿಯೂ ಸಿಗುವುದಿಲ್ಲ. ಸುಗ್ಗಿಯ ಸಂಜೆ, ಕತ್ತಲಾಗುವ ಮುನ್ನ ಮನೆ ಸೇರುವ ಆತುರ ಕಲ್ಲಿನ ಮೇಲೆ ತಾನಾಗಿ ಬರೆದುಕೊಂಡದ್ದು ಇದು.

ಕಾರಹುಣ್ಣಿಮೆಯ ದಿನ ಅಗಸಿಗೆ ಅಡ್ಡಲಾಗಿ ಕರಿ ಎಂಬ ತೋರಣದ ಹಗ್ಗ ಕಟ್ಟುತ್ತಾರೆ. ಬಣ್ಣ ಹಚ್ಚಿದ ಎತ್ತುಗಳನ್ನು ಓಡಿಸಿ ಯಾವ ಬಣ್ಣದ ಎತ್ತು ಕರಿ ಹರಿಯಿತೆಂಬುದರ ಮೇಲೆ ಆ ವರ್ಷ ಮುಂಗಾರೋ ಹಿಂಗಾರೋ ಎಂದು ಲೆಕ್ಕ. ಮದುಮಗಳು ಊರೊಳಗೆ ಬರುವುದು ಇದೇ ಅಗಸಿಯಿಂದ, ಸತ್ತವರು ಹೊರಗೆ ಹೋಗುವುದೂ ಇದರಿಂದಲೇ. ಅಂದರೆ ಅಗಸಿ ಊರಿಗೆ ಬೇಡವಾಗಿರಲಿಲ್ಲ. ಆದರೂ ಹೋಯಿತು. ಟ್ರ್ಯಾಕ್ಟರ್ ಟ್ರೇಲರ್ ತುಂಬ ಹೇರಿಕೊಂಡು ಬಂದಾಗ ಕಮಾನಿಗೆ ತಗುಲಿತು. ಕಟಾವು ಯಂತ್ರಗಳು ಬಂದ ಮೇಲೆ ಒಳಗೆ ಬರುವ ಮಾತೇ ಇಲ್ಲ. ಪಂಚಾಯಿತಿಯ ಸಭೆಯಲ್ಲಿ ರಸ್ತೆ ಅಗಲೀಕರಣ ಎಂದಾಯಿತು, ಜೆಸಿಬಿ ಬಂತು, ಮಧ್ಯಾಹ್ನದೊಳಗೆ ಮುಗಿಯಿತು. ವಿರೋಧಿಸಲು ಕೈಯಲ್ಲಿ ಕಾಗದವಿಲ್ಲ, ಕಟ್ಟಡ ನೂರು ವರ್ಷ ದಾಟಿದ್ದರೂ ಯಾವ ಪಟ್ಟಿಯಲ್ಲೂ ಅದರ ಹೆಸರಿಲ್ಲ. ಅಗಸಿ ಹೋದ ಒಂದು ಊರಿನಲ್ಲಿ ಈಗ ಕರಿಯನ್ನು ಎರಡು ವಿದ್ಯುತ್ ಕಂಬಗಳ ನಡುವೆ ಕಟ್ಟುತ್ತಾರೆ. ಎತ್ತುಗಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಅಗಸಿಯ ಜೊತೆಗೆ ಹುಡೇವು ಹೋಯಿತು, ದರೋಡೆಕೋರರ ದಾರಿ ಕಾಯಲು ಕಟ್ಟಿದ ದುಂಡನೆಯ ಗೋಪುರ. ಕೆಲವು ಊರುಗಳಲ್ಲಿ ಅದರ ಅರ್ಧಭಾಗ ಇನ್ನೂ ನಿಂತಿದೆ, ಸಂದಿಯಲ್ಲಿ ಬೇವಿನ ಗಿಡ ಬೆಳೆದಿದೆ. ಮೇಲ್ಮುದ್ದೆಯ ಮನೆಗಳೂ ಹೋಗುತ್ತಿವೆ. ಸಾಗವಾನಿಯ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ಗೇಣುಗಟ್ಟಲೆ ಮಣ್ಣು. ಬೇಸಿಗೆಯ ಮಧ್ಯಾಹ್ನ ಇಂಥ ಮನೆಯ ಪಡಸಾಲೆಯಲ್ಲಿ ಕಣ್ಣು ತಾನಾಗಿ ಮುಚ್ಚುತ್ತದೆ. ಆದರೆ ವರ್ಷವೂ ಮಳೆಗೆ ಮುನ್ನ ಯಾರಾದರೂ ಮೇಲೆ ಹತ್ತಿ ಸವಳು ಮಣ್ಣು ಹರವಿ ಬಡಿಯಬೇಕು. ಆ ಕೆಲಸಕ್ಕೆ ಹತ್ತುತ್ತಿದ್ದ ಮಕ್ಕಳು ಮಂಗಳೂರಿನಲ್ಲೋ ಗೋವಾದಲ್ಲೋ ಬೇರೆಯವರ ಕಟ್ಟಡಕ್ಕೆ ಕಾಂಕ್ರೀಟು ಹೊರುತ್ತಿದ್ದಾರೆ. ತಂದೆ ತಾಯಿಗೆ ವಯಸ್ಸಾಗಿದೆ. ಎರಡು ಮಳೆಗಾಲ ಸೋರಿದ ಮೇಲೆ ಮಗ ಕಳಿಸಿದ ದುಡ್ಡಿನಲ್ಲಿ ಆರ್‌ಸಿಸಿ ಮನೆ ಏಳುತ್ತದೆ. ಸೋರುವ ಮನೆಯಲ್ಲಿ ಮಲಗದ ನನ್ನಂಥವನು ಅದನ್ನು ಪರಂಪರೆಯ ನಾಶ ಎಂದು ಅವರ ಎದುರು ಹೇಳಲು ಸಾಧ್ಯವಿಲ್ಲ, ಹೇಳಿಯೂ ಇಲ್ಲ.

ಮನೆಯ ಕೆಳಗಿನದು ಇನ್ನೂ ವಿಚಿತ್ರ. ಅಂಗಳದಲ್ಲೋ ಓಣಿಯಲ್ಲೋ ನೆಲ ಅಗೆದು, ಬಾಯಿ ಕಿರಿದಾಗಿ ಒಡಲು ಅಗಲವಾಗಿ ಮಾಡಿ ಜೋಳ ತುಂಬಿಡುತ್ತಿದ್ದ ಹಗೇವುಗಳು ಈ ಸೀಮೆಯ ಬರಗಾಲದ ವಿಮೆಯಾಗಿದ್ದವು. ಹುಲ್ಲು ಹಾಸಿ, ಕಾಳು ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ತೆರೆದ ತಕ್ಷಣ ಇಳಿಯುವಂತಿರಲಿಲ್ಲ, ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುತ್ತಿತ್ತು. ಮೊದಲು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದರು. ಪಡಿತರ ಬಂದ ಮೇಲೆ, ಜೋಳದ ಜಾಗದಲ್ಲಿ ಮಾರಾಟದ ಬೆಳೆ ಬಂದ ಮೇಲೆ ಹಗೇವು ಖಾಲಿಯಾಯಿತು. ಮೇಲೆ ಕಲ್ಲು ಮುಚ್ಚಿ, ಮನೆ ಕಟ್ಟಿ, ರಸ್ತೆ ಹಾಕಿ ಮರೆತರು. ಕೆಲವು ವರ್ಷಗಳ ಹಿಂದೆ ನರಗುಂದದಲ್ಲಿ ಮನೆಯೊಳಗೆ, ರಸ್ತೆಯ ಮೇಲೆ ನೆಲ ಕುಸಿಯತೊಡಗಿದಾಗ ಏರಿದ ಅಂತರ್ಜಲದ ಜೊತೆಗೆ ಈ ಮರೆತ ಹಗೇವುಗಳ ಹೆಸರೂ ಪತ್ರಿಕೆಗಳಲ್ಲಿ ಬಂತು. ಪಟ್ಟಿಯಲ್ಲಿಲ್ಲದ ಪರಂಪರೆ ತಾನಿದ್ದೇನೆಂದು ಹೇಳಿಕೊಳ್ಳಲು ಆರಿಸಿಕೊಂಡ ದಾರಿ ಅದು.

ಪಟ್ಟಿ ಮಾಡುವುದು ಅಷ್ಟು ಕಷ್ಟವೇ? ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಆಸ್ತಿಗಳ ವಹಿ ಇದೆ. ನೀರಿನ ಟ್ಯಾಂಕ್, ಅಂಗನವಾಡಿ, ಬೀದಿದೀಪ ಎಲ್ಲ ಅದರಲ್ಲಿ ದಾಖಲಾಗುತ್ತವೆ. ಅಗಸಿ, ಹುಡೇವು, ಹಳೆಯ ಚಾವಡಿ, ಗರಡಿಮನೆ ಇಷ್ಟನ್ನು ಅಳತೆ, ಫೋಟೊ ಸಹಿತ ಅದೇ ವಹಿಯಲ್ಲಿ ಬರೆದರೆ ಅವು ಸ್ಮಾರಕವಾಗುವುದಿಲ್ಲ, ನೂರು ಮೀಟರಿನ ಗೆರೆಯೂ ಬೀಳುವುದಿಲ್ಲ. ಕೆಡವುವ ಮುನ್ನ ಸಭೆಯಲ್ಲಿ ಒಂದು ಸಾಲು ಓದಬೇಕಾಗುತ್ತದೆ, ಅಷ್ಟೇ. ಆ ಒಂದು ಸಾಲಿನಿಂದ ಅಗಸಿಯನ್ನು ಬಿಟ್ಟು ಪಕ್ಕದಲ್ಲಿ ರಸ್ತೆ ತೆಗೆದರೂ ತೆಗೆದಾರು. ಹಾಗೆ ಪಕ್ಕಕ್ಕೆ ದಾರಿ ಮಾಡಿಕೊಂಡ ಊರುಗಳೂ ಇವೆ, ಅಲ್ಲಿ ಅಗಸಿಯ ಕಟ್ಟೆಯ ಮೇಲೆ ಮುದುಕರು ಪತ್ರಿಕೆ ಓದುತ್ತ ಕೂರುತ್ತಾರೆ.

ವಹಿ ಎಂದಾಗ ಕಣಗಿನಹಾಳ ನೆನಪಾಗುತ್ತದೆ. ಗದಗದ ಹತ್ತಿರದ ಈ ಹಳ್ಳಿಯಲ್ಲಿ ಕೆತ್ತನೆಯ ಕಂಬ ಹುಡುಕಿಕೊಂಡು ಯಾರೂ ಹೋಗುವುದಿಲ್ಲ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಇಲ್ಲಿ ರೈತರ ಸಹಕಾರ ಸಂಘ ಕಟ್ಟಿದರು. ಬಡ್ಡಿ ವ್ಯಾಪಾರಿಯ ಮನೆಯ ಮುಂದೆ ನಿಲ್ಲುವುದನ್ನು ತಪ್ಪಿಸಿದ ಕೆಲಸ ಅದು. ದೇಶದ ಸಹಕಾರ ಚಳವಳಿ ತನ್ನ ಮೂಲವನ್ನು ಇಲ್ಲಿಗೆ ಒಯ್ಯುತ್ತದೆ. ಅತ್ತಿಮಬ್ಬೆಯ ಬಸದಿಯ ಜೊತೆಗೆ ಇದನ್ನೂ ಅದೇ ದಿನದ ಪ್ರಯಾಣದಲ್ಲಿ ಸೇರಿಸಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಹೆಚ್ಚಿನವರು ಅಲ್ಲಿ ನೋಡುವುದೇನಿದೆ ಎನ್ನುತ್ತಾರೆ. ಸಾಲ ತೀರಿಸಿದ ಊರು ನೋಡುವಂಥದ್ದಲ್ಲವೇ?

ಕೊನೆಗೆ ನರಗುಂದಕ್ಕೆ ಮತ್ತೆ ಹೋಗಬೇಕು, ಹಗೇವುಗಳಿಗಾಗಿ ಅಲ್ಲ. ಊರಿನ ನೆತ್ತಿಯ ಮೇಲೆ ಗುಡ್ಡ, ಗುಡ್ಡದ ಮೇಲೆ ಕೋಟೆಯ ಪಳೆಯುಳಿಕೆ. ದತ್ತಕಕ್ಕೆ ಒಪ್ಪಿಗೆ ಸಿಗದ ಸಿಟ್ಟು, ಆಯುಧ ಒಪ್ಪಿಸಬೇಕೆಂಬ ಆಜ್ಞೆಯ ಸಿಟ್ಟು ಎರಡೂ ಕೂಡಿ 1858ರ ಮೇ ತಿಂಗಳಲ್ಲಿ ಇಲ್ಲಿನ ಅರಸ ಬಾಬಾಸಾಹೇಬ ಬಂಡೆದ್ದ. ಸುರೇಬಾನದಲ್ಲಿ ಇಂಗ್ಲಿಷ್ ಅಧಿಕಾರಿ ಮ್ಯಾನ್ಸನ್ನನ ತಲೆ ಉರುಳಿತು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಕೋಟೆ ಆಮೇಲೆ ಯಾರಿಗೂ ಬೇಕಾಗಲಿಲ್ಲ, ಅದರ ಗತಿ ಅದಕ್ಕೆ ತಕ್ಕಂತೆಯೇ ಇದೆ.

ಊರೊಳಗೆ ಇನ್ನೊಂದು ಕಲ್ಲಿದೆ. ಮಲಪ್ರಭಾ ಕಾಲುವೆಯ ನೀರು ಹೊಲಕ್ಕೆ ಸರಿಯಾಗಿ ತಲುಪುವ ಮುನ್ನವೇ ಅಭಿವೃದ್ಧಿ ಕರ ಕಟ್ಟಿ ಎಂದಾಗ ರೈತರು ತಿರುಗಿಬಿದ್ದರು, 1980ರ ಜುಲೈ 21ರಂದು ಗೋಲಿಬಾರ್ ಆಯಿತು. ರಾಜ್ಯದ ರೈತ ಚಳವಳಿ ಹುಟ್ಟಿ ಬೆಳೆದದ್ದು ಅಲ್ಲಿಂದ. ಅಂದು ಸತ್ತ ರೈತನಿಗೆ ಊರಿನವರು ವೀರಗಲ್ಲು ನಿಲ್ಲಿಸಿದ್ದಾರೆ. ಅಪ್ಸರೆಯರಿಲ್ಲ, ದನಗಳ ಸಾಲಿಲ್ಲ, ಆದರೆ ಗೋಡೆಯಲ್ಲಿ ಸುಣ್ಣ ಹಚ್ಚಿಸಿಕೊಂಡು ನಿಂತವನ ಕುಲದ್ದೇ ಇದು, ಊರಿಗಾಗಿ ಹೋದವನ ಹೆಸರಿಗೆ ಕಲ್ಲು ನೆಡುವ ರೂಢಿ ಇಲ್ಲಿ ಇನ್ನೂ ಬಿಟ್ಟುಹೋಗಿಲ್ಲ. ಯಾವ ಇಲಾಖೆಯ ಪಟ್ಟಿಯಲ್ಲಿ ಇದು ಬರಲೂ ಇನ್ನೂ ಅರ್ಧ ಶತಮಾನ ಕಳೆಯಬೇಕು. ಅಲ್ಲಿಯವರೆಗೆ ಇದಕ್ಕೆ ಬೇಲಿಯ ಚಿಂತೆಯಿಲ್ಲ. 2015ರಲ್ಲಿ ಮಹದಾಯಿ ನೀರಿಗಾಗಿ ಧರಣಿ ಕೂತದ್ದೂ ಇದೇ ಊರಿನಲ್ಲಿ. ಪ್ರತಿ ವರ್ಷ ಜುಲೈ 21ಕ್ಕೆ ರೈತ ಸಂಘದ ಎಲ್ಲ ಬಣಗಳೂ ಬಂದು ಮಾಲೆ ಹಾಕುತ್ತವೆ, ಎಲ್ಲ ಪಕ್ಷಗಳವರೂ ಬರುತ್ತಾರೆ, ನೀರಿನ ಭರವಸೆ ಕೊಡುತ್ತಾರೆ. ನೋಡಬೇಕೆಂದಿದ್ದರೆ ಆ ದಿನವೇ ಹೋಗಿ. ಬಸ್ಸುಗಳು ತುಂಬಿರುತ್ತವೆ, ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು.